ಒಂದು ಬೆರಳು, ಎರಡು ಟ್ರಿಗರ್

ಕೈಲ್ ಪೊಳ್ದ್ ಹಬ್ಬಕ್ಕೆ ಕೊಡಗಿನ ಗೆಳೆಯನ ಮನೆಗೆ ಹೋಗಿದ್ದೆ. ಸೆಪ್ಟೆಂಬರ್ ಮೊದಲ ವಾರ. ನಾಟಿ ಕೆಲಸ ಮುಗಿದ ಮೇಲೆ ಮನೆಯ ಕತ್ತಿ, ಕೋವಿಗಳನ್ನೆಲ್ಲ ಒರೆಸಿ ಪೂಜೆ ಮಾಡುವ ಹಬ್ಬ ಅದು. ಕೋವಿಯ ನಳಿಗೆಗೆ ಕೆಂಪು-ಹಳದಿ ಬಣ್ಣದ ತೋಕ್ ಪೂವು ಸಿಕ್ಕಿಸಿದ್ದರು. ಕಡಂಬಿಟ್ಟು, ಪಂದಿಕರಿ ಮುಗಿಸಿ ಜಗಲಿಯಲ್ಲಿ ಕೂತಿದ್ದಾಗ ಗೆಳೆಯನ ಅಜ್ಜ ತಮ್ಮ ಜೋಡಿ ನಳಿಗೆ ಕೋವಿಯನ್ನು ಮಡಚಿದರು. ಒಳಗೆ ತೋಟೆ ಇಲ್ಲ ಅಂತ ತಾವು ನೋಡಿ, ನನಗೂ ತೋರಿಸಿ, ಆಮೇಲೆ ಕೈಗೆ ಕೊಟ್ಟರು.

ಆ ಮನೆಯಲ್ಲಿ ಒಂದು ಸಣ್ಣ ಜಗಳ ನಡೀತಾ ಇತ್ತು. ಗೆಳೆಯನಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳ ಹುಚ್ಚು. ಹಳೆಯ ಕೋವಿಯನ್ನು ಅಂಗಡಿಗೆ ಕೊಟ್ಟು ಒಂದೇ ಟ್ರಿಗರ್‌ನ ಹೊಸ ಕೋವಿ ತರಬೇಕು ಅನ್ನೋದು ಅವನ ವಾದ. ಅಜ್ಜ ಒಪ್ಪುತ್ತಿರಲಿಲ್ಲ. ನಾನು ಎಂಜಿನಿಯರ್ ಅನ್ನುವ ಒಂದೇ ಕಾರಣಕ್ಕೆ ಪಂಚಾಯಿತಿ ನನ್ನ ಹತ್ತಿರ ಬಂತು.

ಕೋವಿಯ ಬಗ್ಗೆ ನನಗೆ ಸೊನ್ನೆ ಜ್ಞಾನ. ಆದರೂ ಗತ್ತಿನಿಂದ ಹೇಳಿದೆ: “ಒಂದು ಬೆರಳಿಗೆ ಎರಡು ಟ್ರಿಗರ್ ಯಾಕೆ ಅಜ್ಜ? ಭಾಗ ಕಡಿಮೆ ಇದ್ದಷ್ಟೂ ಕೆಡೋದು ಕಡಿಮೆ ಅಲ್ವಾ?”

ಅಜ್ಜ ನಕ್ಕರು. “ಇದು ಒಂದು ಕೋವಿ ಅಂತ ಯಾರು ಹೇಳಿದ್ದು ನಿಂಗೆ? ಇದು ಎರಡು ಕೋವಿ, ಮಾರಾಯ.”

ಮಾತು ಅಲ್ಲಿಗೇ ನಿಂತಿತು. ಬೆಂಗಳೂರಿಗೆ ವಾಪಸ್ ಬಂದವನು ಅದರ ಅರ್ಥ ಹುಡುಕಲು ಹೋಗಿ, ನೂರು ವರ್ಷಕ್ಕೂ ಹಳೆಯ ಒಂದು ವಾದದ ಒಳಗೆ ಸಿಕ್ಕಿಹಾಕಿಕೊಂಡೆ. ಈಗ ಅದನ್ನೇ ನಿಮಗೂ ಹೇಳ್ತೀನಿ.

ಅಜ್ಜನ ಮಾತು ಅಕ್ಷರಶಃ ನಿಜ. ಜೋಡಿ ನಳಿಗೆ ಕೋವಿ ಹುಟ್ಟಿದ್ದೇ ಎರಡು ಕೋವಿಗಳನ್ನು ಒಂದೇ ಹಿಡಿಗೆ ಕೂರಿಸಿದ ಹಾಗೆ. 18ನೇ ಶತಮಾನದ ಕೊನೆಗೆ ಲಂಡನ್ನಿನಲ್ಲಿ ಜಾನ್ ಮತ್ತು ಜೋಸೆಫ್ ಮ್ಯಾಂಟನ್ ಎಂಬ ಅಣ್ಣತಮ್ಮಂದಿರು ಇಂಥ ಕೋವಿಗಳಿಗೆ ಹೆಸರಾಗಿದ್ದರು. ಆಗಿನದು ಚಕಮಕಿ ಕಲ್ಲಿನ ಕಾಲ. ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಗಜದಿಂದ ಇಡಿಯಬೇಕು. ಬಲ ನಳಿಗೆಗೆ ಬಲಗಡೆ ಒಂದು ಯಂತ್ರ, ಎಡ ನಳಿಗೆಗೆ ಎಡಗಡೆ ಇನ್ನೊಂದು. ಕಲ್ಲು, ಸ್ಪ್ರಿಂಗು, ಕುದುರೆ ಎಲ್ಲ ಬೇರೆ ಬೇರೆ. ಹಾಗಾಗಿ ಟ್ರಿಗರ್ ಕೂಡ ಎರಡು. ಮುಂದಿನದು ಸಾಮಾನ್ಯವಾಗಿ ಬಲ ನಳಿಗೆಗೆ, ಹಿಂದಿನದು ಎಡ ನಳಿಗೆಗೆ.

ಎರಡನೇ ನಳಿಗೆ ಯಾಕೆ ಬೇಕಿತ್ತು? ಹಾರುವ ಹಕ್ಕಿಗೆ ಇನ್ನೊಂದು ಈಡು ಸಿಗಲಿ ಅಂತ, ಅದು ಸರಿ. ಆದರೆ ಆ ಕಾಲದ ಕೋವಿಯಲ್ಲಿ ಮೊದಲ ಈಡು ಹಾರುತ್ತದೆ ಅನ್ನೋದೇ ಗ್ಯಾರಂಟಿ ಇರಲಿಲ್ಲ. ಮದ್ದಿಗೆ ತೇವ ತಾಗಿದರೆ ಮುಗಿಯಿತು. ಕಿಡಿ ಹಾರಿ, ಹೊರಗಿನ ಬಟ್ಟಲಿನ ಮದ್ದು ಭುಗ್ಗೆಂದು, ಒಳಗಿನ ಮದ್ದಿಗೆ ಬೆಂಕಿ ಮುಟ್ಟುವಷ್ಟರಲ್ಲಿ ಹಕ್ಕಿಗಳು ಎಚ್ಚೆತ್ತು ಹಾರಿಹೋಗುತ್ತಿದ್ದವು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿಗೆ ಇದರಿಂದ ಎಷ್ಟು ರೇಗಿತ್ತೆಂದರೆ, ಕಿಡಿಯ ಬದಲು ಏಟಿಗೆ ಸಿಡಿಯುವ ರಾಸಾಯನಿಕದಿಂದ ಬೆಂಕಿ ಹೊತ್ತಿಸುವ ವಿಧಾನ ಹುಡುಕಿ, 1807ರಲ್ಲಿ ಪೇಟೆಂಟ್ ಪಡೆದ. ಮುಂದೆ ನಮ್ಮ ಮಲೆನಾಡಿನ ಕೇಪಿನ ಕೋವಿಯವರೆಗೂ ಬಂದದ್ದು ಇದೇ ತತ್ವ. ಅಂದರೆ ಎರಡನೇ ನಳಿಗೆ ಮೊದಲಿನಿಂದಲೂ ಎರಡು ಕೆಲಸ ಮಾಡುತ್ತಿತ್ತು. ಮೊದಲ ಈಡು ಗುರಿ ತಪ್ಪಿದರೆ ಇನ್ನೊಂದು ಅವಕಾಶ. ಮೊದಲ ಈಡು ಹಾರದೇ ಹೋದರೆ ವಿಮೆ.

19ನೇ ಶತಮಾನದಲ್ಲಿ ಕೋವಿಯ ಉಳಿದೆಲ್ಲ ಭಾಗ ಬದಲಾಯಿತು. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಫ್ರಾನ್ಸಿನ ಲೆಫೋಶೋ, ಮಡಚಿ ಹಿಂದಿನಿಂದ ತೋಟೆ ಹಾಕುವ ಕೋವಿ ತೋರಿಸಿದ ಮೇಲೆ ಇಂಗ್ಲಿಷರೂ ಆ ದಾರಿ ಹಿಡಿದರು. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ, ಹೊರಗೆ ಕುದುರೆಯೇ ಕಾಣದ ಕೋವಿ ಮಾಡಿದರು. ನಳಿಗೆ ಕೆಳಗೆ ಮಡಚಿದರೆ ಸಾಕು, ಒಳಗಿನ ಕುದುರೆಗಳು ತಾವೇ ಹಿಂದೆ ಸರಿದು ಸಿದ್ಧವಾಗುತ್ತಿದ್ದವು. ಆಮೇಲೆ ಸುಟ್ಟ ತೋಟೆಯನ್ನು ತಾನೇ ಹೊರಗೆ ಎಸೆಯುವ ವ್ಯವಸ್ಥೆಯೂ ಬಂತು. ಬದಲಾಗದೆ ಉಳಿದದ್ದು ಎರಡು ಟ್ರಿಗರ್ ಮಾತ್ರ.

ಆಗಿನ ಇಂಗ್ಲೆಂಡಿನ ಶ್ರೀಮಂತರ ಶಿಕಾರಿ ನಮ್ಮ ಕಲ್ಪನೆಯ ಶಿಕಾರಿಯಲ್ಲ. ಆಳುಗಳು ಪೊದೆ ಬಡಿದು ಸಾಕಿದ ಫೆಸೆಂಟ್ ಹಕ್ಕಿಗಳನ್ನು ಎಬ್ಬಿಸುತ್ತಾರೆ, ದೊರೆಗಳು ಸಾಲಾಗಿ ನಿಂತು ಹೊಡೆಯುತ್ತಾರೆ, ಪಕ್ಕದಲ್ಲಿ ಇನ್ನೊಂದು ಕೋವಿಗೆ ತೋಟೆ ತುಂಬಿಕೊಡಲು ಒಬ್ಬ ಸಹಾಯಕ. 1913ರ ಡಿಸೆಂಬರಿನಲ್ಲಿ ಹಾಲ್ ಬಾರ್ನ್ ಎಸ್ಟೇಟಿನಲ್ಲಿ ಐದನೇ ಜಾರ್ಜ್ ದೊರೆಯೂ ಇದ್ದ ಒಂದು ತಂಡ ಒಂದೇ ದಿನ 3,900ಕ್ಕೂ ಹೆಚ್ಚು ಫೆಸೆಂಟ್ ಹೊಡೆಯಿತು. ಇಂಥ ಕಡೆ ಕ್ಷಣಕ್ಷಣವೂ ಲೆಕ್ಕಕ್ಕೆ ಬರುತ್ತೆ. ಎರಡು ಟ್ರಿಗರ್ ಇದ್ದರೆ ಮೊದಲ ಈಡಿನ ನಂತರ ಕೈ ಸ್ವಲ್ಪ ಹಿಂದೆ ಸರಿಯಬೇಕು. ಚಳಿಗೆ ಕೈಗವಸು ಹಾಕಿದ್ದರೆ ಬೆರಳು ತಡವರಿಸುತ್ತೆ. ಹಿಂದಿನ ಟ್ರಿಗರ್ ಎಳೆದಾಗ ಕೋವಿ ಒದ್ದರೆ ಮುಂದಿನ ಟ್ರಿಗರ್ ಬೆರಳಿಗೆ ಬಡಿಯುತ್ತೆ. ಅದಕ್ಕಂತಲೇ ಮುಂದಿನದಕ್ಕೆ ಕೀಲು ಜೋಡಿಸಿ ಮಡಚುವ ಹಾಗೆ ಮಾಡಿದ ಕೋವಿಗಳೂ ಇವೆ. ಒಂದೇ ಟ್ರಿಗರ್ ಇದ್ದರೆ ಈ ತಾಪತ್ರಯ ಯಾವುದೂ ಇಲ್ಲ.

ಯಂತ್ರದ ಲೆಕ್ಕದಲ್ಲಿ ಇದು ಸುಲಭ ಅನ್ನಿಸುತ್ತೆ. ಮೊದಲ ಎಳೆತಕ್ಕೆ ಬಲ ನಳಿಗೆ. ಬೆರಳು ಬಿಟ್ಟ ಕೂಡಲೇ ಒಳಗೊಂದು ತುಣುಕು ಸರಿದು ಟ್ರಿಗರನ್ನು ಎಡ ನಳಿಗೆಗೆ ಸೇರಿಸಬೇಕು. ಎರಡನೇ ಎಳೆತಕ್ಕೆ ಎಡ ನಳಿಗೆ. ಅಷ್ಟೇ ತಾನೆ? ಹಾಗೆ ಮಾಡಿ ನೋಡಿದವರ ಕೋವಿಗಳು ಒಂದು ವಿಚಿತ್ರ ಕಾಯಿಲೆಗೆ ಬಿದ್ದವು. ಒಮ್ಮೆ ಎಳೆದರೆ ಎರಡೂ ನಳಿಗೆ ಒಟ್ಟಿಗೇ ಹಾರುತ್ತಿದ್ದವು. ಭುಜಕ್ಕೆ ಎರಡರಷ್ಟು ಒದೆತ. ಅದಕ್ಕಿಂತ ಮುಖ್ಯವಾಗಿ, ಹೊಡೆಯುವವನು ಹಾರಿಸಬೇಕೆಂದುಕೊಂಡಿರದ ಈಡೊಂದು ನಳಿಗೆ ಎತ್ತ ತಿರುಗಿದೆಯೋ ಅತ್ತ ಹೋಗುತ್ತಿತ್ತು. ಅಕ್ಕಪಕ್ಕ ಜನ ನಿಂತಿರುವ ಜಾಗದಲ್ಲಿ ಇದು ತಮಾಷೆಯ ವಿಷಯವಲ್ಲ.

ತಮಾಷೆ ಅಂದ್ರೆ, ಅದೇ ಕೋವಿಯನ್ನು ತೋಟೆ ಇಲ್ಲದೆ ಬೆಂಚಿನ ಮೇಲಿಟ್ಟು ಎಳೆದರೆ ಯಾವ ತೊಂದರೆಯೂ ಇಲ್ಲ. ಒಮ್ಮೆ ಕ್ಲಿಕ್, ಬಿಟ್ಟು ಎಳೆದರೆ ಇನ್ನೊಮ್ಮೆ ಕ್ಲಿಕ್. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದವನು. “ನನ್ನ ಮಷೀನಿನಲ್ಲಿ ಸರಿಯಾಗಿದೆಯಲ್ಲ” ಅನ್ನುವ ಮಾತು ವಾರಕ್ಕೊಮ್ಮೆ ಕೇಳ್ತೀನಿ. ಇದು ಅದೇ ಕಥೆ. ದೋಷ ಬರೀ ಯಂತ್ರದಲ್ಲಿರಲಿಲ್ಲ, ಯಂತ್ರ ಮತ್ತು ಮನುಷ್ಯ ಸೇರುವ ಜಾಗದಲ್ಲಿತ್ತು.

ಆಗುತ್ತಿದ್ದದ್ದು ಹೀಗೆ. ಬೆರಳು ಟ್ರಿಗರ್ ಎಳೆಯುತ್ತೆ, ಬಲ ನಳಿಗೆ ಹಾರುತ್ತೆ. ಕೋವಿ ಹಿಂದಕ್ಕೆ ಒದೆಯುತ್ತೆ. ಕೋವಿಯ ಜೊತೆ ಟ್ರಿಗರೂ ಹಿಂದೆ ಹೋಗುವುದರಿಂದ ಅದು ಬೆರಳಿನಿಂದ ಒಂದು ಕ್ಷಣ ದೂರವಾಗುತ್ತೆ. ಯಂತ್ರಕ್ಕೆ ಇದು ‘ಬೆರಳು ಬಿಟ್ಟ’ ಹಾಗೆ. ಅದು ಎಡ ನಳಿಗೆಗೆ ಸಿದ್ಧವಾಗಿ ಕೂರುತ್ತೆ. ಅಷ್ಟರಲ್ಲಿ ಭುಜ ಕೋವಿಯನ್ನು ತಡೆದು ವಾಪಸ್ ಮುಂದೆ ತಳ್ಳುತ್ತೆ. ಬೆರಳು ಇನ್ನೂ ಬಿಗಿಯಾಗಿಯೇ ಇರುತ್ತೆ, ಟ್ರಿಗರ್ ಬಂದು ಅದಕ್ಕೆ ಬಡಿಯುತ್ತೆ. ಎರಡನೇ ಎಳೆತ! ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ. “ನಾನು ಒಂದೇ ಸಲ ಎಳೆದದ್ದು” ಅಂತ ಹೊಡೆದವನು ಆಣೆ ಮಾಡಿ ಹೇಳಿದರೂ ಅದು ಸುಳ್ಳಲ್ಲ, ಅವನಿಗೆ ಗೊತ್ತೇ ಆಗಿರಲ್ಲ.

ಇದಕ್ಕೆ ನಂಬುವಂಥ ಮದ್ದು ಕಂಡುಹಿಡಿದವನು ಜಾನ್ ರಾಬರ್ಟ್‌ಸನ್. ಲಂಡನ್ನಿನ ‘ಬಾಸ್ ಅಂಡ್ ಕಂಪನಿ’ಗೆ 1891ರಲ್ಲಿ ಪಾಲುದಾರನಾಗಿ ಸೇರಿದ ಸ್ಕಾಟಿಷ್ ಕುಶಲಕರ್ಮಿ. 1894ರಲ್ಲಿ ಅವನು ಪಡೆದ ಪೇಟೆಂಟಿನ ಜಾಣತನ ಏನು ಗೊತ್ತಾ? ಅವನು ಆ ಅರಿವಿಲ್ಲದ ಎಳೆತವನ್ನು ತಡೆಯಲು ಹೋಗಲಿಲ್ಲ, ಅದಕ್ಕೂ ಒಂದು ಲೆಕ್ಕ ಕೊಟ್ಟ. ಮೊದಲ ಎಳೆತಕ್ಕೆ ಮೊದಲ ನಳಿಗೆ. ಎರಡನೇ ಎಳೆತ, ಅಂದರೆ ಒದೆತದಿಂದ ತಾನಾಗಿಯೇ ಆಗುವುದು, ಒಳಗೆ ಸ್ಪ್ರಿಂಗ್ ಇರುವ ಒಂದು ಪುಟ್ಟ ಉರುಳೆ ಮುಂದಿನ ಸ್ಥಾನಕ್ಕೆ ಸರಿಯುವುದರಲ್ಲೇ ಖರ್ಚಾಗಿ ಹೋಗುತ್ತೆ. ಮೂರನೇ ಎಳೆತಕ್ಕೆ ಎರಡನೇ ನಳಿಗೆ. ಹೊಡೆಯುವವನಿಗೆ ಎರಡೇ ಸಲ ಎಳೆದ ಅನುಭವ, ಕೋವಿಯ ಲೆಕ್ಕದಲ್ಲಿ ಮೂರು. ಮನುಷ್ಯನ ದೌರ್ಬಲ್ಯವನ್ನು ಒಪ್ಪಿಕೊಂಡು ಅದರ ಸುತ್ತಲೇ ಯಂತ್ರ ಕಟ್ಟಿದ್ದು ನನಗೆ ಇವತ್ತಿಗೂ ಬೆರಗು.

ಬಾಸ್ ಗೆದ್ದ ಮೇಲೆ ಉಳಿದವರೂ ಸುಮ್ಮನಿರಲಿಲ್ಲ. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಒಂಟಿ ಟ್ರಿಗರ್‌ಗೆ ಪೇಟೆಂಟಿನ ಮೇಲೆ ಪೇಟೆಂಟ್. ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಒಂದು ಒಂಟಿ ಟ್ರಿಗರ್‌ನ ಹೆಸರೇ ‘ಇನ್‌ಫಾಲಿಬಲ್’, ಎಂದೂ ತಪ್ಪದ್ದು ಅಂತ. ಗ್ರಾಹಕರಿಗೆ ಯಾವುದರ ಭಯವಿತ್ತು ಅಂತ ತಿಳಿಯೋಕೆ ಆ ಹೆಸರೇ ಸಾಕು. ಆ ಐದನೇ ಜಾರ್ಜ್ ದೊರೆ ಮಾತ್ರ, ಬಯಸಿದ ಕೋವಿ ಕೊಳ್ಳುವ ಶಕ್ತಿ ಇದ್ದೂ, ಕುದುರೆ ಹೊರಗೆ ಕಾಣುವ ಹಳೆಯ ಮಾದರಿಯ ಪರ್ಡಿ ಕೋವಿಗಳನ್ನೇ ನೆಚ್ಚಿಕೊಂಡಿದ್ದ.

ಕೋವಿಗಳ ಲೋಕದ ಅತಿ ದೊಡ್ಡ ತಲೆ ಅನ್ನಿಸಿಕೊಂಡ ಅಮೆರಿಕದ ಜಾನ್ ಬ್ರೌನಿಂಗ್ ಕಥೆಯೂ ಇಲ್ಲಿಗೇ ಬರುತ್ತೆ. ಅವನ ಕೊನೆಯ ದೊಡ್ಡ ಕೆಲಸ ‘ಸೂಪರ್‌ಪೋಸ್ಡ್’ ಎಂಬ, ನಳಿಗೆಗಳು ಅಕ್ಕಪಕ್ಕದ ಬದಲು ಒಂದರ ಮೇಲೊಂದು ಇರುವ ಕೋವಿ. 1926ರ ನವೆಂಬರಿನಲ್ಲಿ ಬೆಲ್ಜಿಯಮ್ಮಿನ ಲಿಯೇಜ್ ನಗರದ ಕಾರ್ಖಾನೆಯಲ್ಲಿ ಕೆಲಸದ ನಡುವೆಯೇ ಅವನು ತೀರಿಕೊಂಡ. 1931ರಲ್ಲಿ ಆ ಕೋವಿ ಮಾರುಕಟ್ಟೆಗೆ ಬಂದಾಗ ಇದ್ದದ್ದು ಎರಡು ಟ್ರಿಗರ್. ಆಮೇಲೆ ಮಗ ವಾಲ್ ಬ್ರೌನಿಂಗ್ ಅದನ್ನು ಮುಂದುವರಿಸಿದ. ಮಧ್ಯೆ ಒಂದು ವಿಚಿತ್ರ ಘಟ್ಟವೂ ಇತ್ತು: ಟ್ರಿಗರ್ ಎರಡು, ಆದರೆ ಯಾವುದನ್ನು ಎರಡು ಸಲ ಎಳೆದರೂ ಎರಡೂ ನಳಿಗೆ ಹಾರುತ್ತವೆ. ಕೊನೆಗೆ ನಿಜವಾದ ಒಂಟಿ ಟ್ರಿಗರ್ ಬಂತು. ಅಪ್ಪ ಬಿಟ್ಟುಹೋದ ಎರಡನ್ನು ಒಂದು ಮಾಡೋಕೆ ಮಗನಿಗೆ ವರ್ಷಗಳೇ ಹಿಡಿದವು.

ಇಷ್ಟು ಓದಿದ ಮೇಲೆ ನನಗೆ ಗೆಳೆಯನ ವಾದವೇ ಸರಿ ಅನ್ನಿಸಿತ್ತು. ಸಮಸ್ಯೆ ಇತ್ತು, ಪರಿಹಾರವಾಯಿತು. ಅಜ್ಜನದು ಬರೀ ಹಳೆಯದರ ಮೋಹ. ಫೋನ್ ಮಾಡಿ ಹಾಗೇ ಹೇಳಿದೆ. ಅಜ್ಜ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: “ತೋಟೆ ಠುಸ್ ಆದ್ರೆ?”

ಅದಕ್ಕೆ ಅವರ ಬಳಿ ಒಂದು ಘಟನೆ ಇತ್ತು. ಬಹಳ ಹಿಂದೆ, ಆಟಿ ತಿಂಗಳ ಮಳೆ. ಕಾಫಿ ತೋಟದ ಲೈನು ಮನೆಗಳ ಹತ್ತಿರ ಆನೆ ಬಂದಿದೆ ಅಂತ ಕೂಗು. ಹೆದರಿಸಿ ಓಡಿಸಲು ಅಜ್ಜ ಕೋವಿ ಹಿಡಿದು ಹೋದರು. ಪ್ಲಾಸ್ಟಿಕ್ ತೋಟೆಗಳು ಬರುವ ಮುಂಚಿನ ಕಾಲ. ಕಾಗದದ ತೋಟೆ ಕೊಡಗಿನ ಮಳೆಗಾಲದಲ್ಲಿ ತೇವ ಹೀರಿ ಉಬ್ಬಿಕೊಳ್ಳುತ್ತಿತ್ತು. ಆನೆ ತಿರುಗಿ ನಿಂತಾಗ ಆಕಾಶಕ್ಕೆ ಕೋವಿ ಎತ್ತಿ ಮುಂದಿನ ಟ್ರಿಗರ್ ಎಳೆದರು. ಕ್ಲಿಕ್ ಅಂತು, ಅಷ್ಟೇ. ಯೋಚನೆ ಮಾಡುವ ಮುಂಚೆಯೇ ಬೆರಳು ಹಿಂದಿನ ಟ್ರಿಗರ್‌ಗೆ ಜಾರಿತ್ತು. ಆ ಸದ್ದಿಗೆ ಆನೆ ತಿರುಗಿ ಹೊಳೆಯ ಕಡೆ ಹೋಯಿತು.

ಈಗ ಇದೇ ಜಾಗದಲ್ಲಿ ಒಂಟಿ ಟ್ರಿಗರ್ ಕೋವಿಯನ್ನು ಇಟ್ಟು ನೋಡಿ. ಇಂದಿನ ಅನೇಕ ಒಂಟಿ ಟ್ರಿಗರ್‌ಗಳು ಎರಡನೇ ನಳಿಗೆಗೆ ಬದಲಾಗುವುದು ಮೊದಲ ಈಡಿನ ಒದೆತದ ಬಲದಿಂದಲೇ. ಕೋವಿ ಹಿಂದಕ್ಕೆ ಒದ್ದಾಗ ಒಳಗಿನ ಒಂದು ಸಣ್ಣ ತೂಕದ ತುಂಡು ಜಡತ್ವದಿಂದ ತೂಗಿ ಟ್ರಿಗರನ್ನು ಇನ್ನೊಂದು ಕಡೆಗೆ ಸೇರಿಸುತ್ತೆ. ಅರಿವಿಲ್ಲದ ಎಳೆತದ ಸಮಸ್ಯೆಗೆ ಇದು ಒಳ್ಳೆಯ ಪರಿಹಾರವೇ. ಆದರೆ ಮೊದಲ ತೋಟೆ ಠುಸ್ ಆದರೆ ಒದೆತವೇ ಇಲ್ಲ. ಒದೆತ ಇಲ್ಲದಿದ್ದರೆ ಬದಲಾವಣೆಯೂ ಇಲ್ಲ. ಎರಡನೇ ನಳಿಗೆಯಲ್ಲಿ ಒಳ್ಳೆಯ ತೋಟೆ ಇದೆ, ಕುದುರೆ ಸಿದ್ಧವಾಗಿದೆ, ಆದರೆ ಎಷ್ಟು ಎಳೆದರೂ ಟ್ರಿಗರ್ ಅದನ್ನು ಮುಟ್ಟಲ್ಲ. ನಳಿಗೆ ಆಯ್ಕೆಯ ಗುಂಡಿ ಇದ್ದರೆ ಹೆಬ್ಬೆರಳಿನಿಂದ ಅದನ್ನು ಸರಿಸಬೇಕು. ರಾಬರ್ಟ್‌ಸನ್ನನ ಮೂರೆಳೆತದ ಕೋವಿಯಲ್ಲೂ ಅಷ್ಟೇ. ಒದೆತ ಇಲ್ಲದಿದ್ದರೆ ಆ ನಡುವಿನ ಖಾಲಿ ಎಳೆತವನ್ನು ನೀವೇ ಬೇಕೆಂದು ಎಳೆಯಬೇಕು. ಒದೆತವನ್ನು ನೆಚ್ಚದ, ಪೂರ್ತಿ ಯಾಂತ್ರಿಕವಾಗಿ ಬದಲಾಗುವ ಒಂಟಿ ಟ್ರಿಗರ್‌ಗಳೂ ಇವೆ. ಅವುಗಳಲ್ಲಿ ಈ ತೊಂದರೆ ಇಲ್ಲ.

ಅಂದರೆ ಎರಡನೇ ನಳಿಗೆಯ ‘ವಿಮೆ’ಯ ಕೆಲಸ ಇತ್ತಲ್ಲ, ಈ ಒದೆತ ನೆಚ್ಚಿದ ಒಂಟಿ ಟ್ರಿಗರ್ ಬಿಟ್ಟುಕೊಟ್ಟದ್ದು ಅದನ್ನೇ. ಎರಡನೆಯದು ಕೆಲಸ ಮಾಡಬೇಕಾದರೆ ಮೊದಲನೆಯದು ಸರಿಯಾಗಿ ಕೆಲಸ ಮಾಡಿರಬೇಕು. ಬ್ಯಾಕಪ್ ಸರ್ವರ್ ಶುರುವಾಗೋಕೆ ಮುಖ್ಯ ಸರ್ವರಿನ ಅನುಮತಿ ಬೇಕು ಅಂದ ಹಾಗಾಯಿತು!

ಜೀವದ ಪ್ರಶ್ನೆ ಇದ್ದ ಕಡೆ ಜನ ಇದನ್ನು ಮರೆಯಲಿಲ್ಲ. ಆಫ್ರಿಕಾದಲ್ಲಿ ಆನೆ, ಕಾಡೆಮ್ಮೆಗಳ ಎದುರು ಹಿಡಿಯುವ ಜೋಡಿ ನಳಿಗೆ ರೈಫಲ್‌ಗಳನ್ನು ಇಂಗ್ಲೆಂಡಿನ ದೊಡ್ಡ ಕಂಪನಿಗಳು ಇವತ್ತಿಗೂ ಹೆಚ್ಚಾಗಿ ಎರಡು ಟ್ರಿಗರ್ ಇಟ್ಟೇ ಮಾಡುತ್ತವೆ. ಬಲಗಡೆಯ ಸ್ಪ್ರಿಂಗ್ ಮುರಿದರೂ ಎಡಗಡೆಯದಕ್ಕೆ ಅದರ ಸುದ್ದಿಯೇ ಗೊತ್ತಿರಲ್ಲ.

ಹಾಗಂತ ಒಂಟಿ ಟ್ರಿಗರನ್ನು ಬೈಯುವುದು ಅನ್ಯಾಯ. ಎರಡು ಟ್ರಿಗರ್‌ನಲ್ಲೂ ಅವಸರಕ್ಕೆ ಬೆರಳು ಎರಡನ್ನೂ ಎಳೆದುಬಿಡಬಹುದು. ಒಲಿಂಪಿಕ್ಸ್‌ನಲ್ಲಿ ಮಣ್ಣಿನ ತಟ್ಟೆ ಹೊಡೆಯುವವರ ಕೈಯಲ್ಲಿ ಈಗ ಕಾಣುವುದು ಒಂಟಿ ಟ್ರಿಗರ್ ಕೋವಿಗಳೇ. 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದ ಡಬಲ್ ಟ್ರ್ಯಾಪ್‌ನಲ್ಲಿ ಎರಡು ತಟ್ಟೆ ಒಟ್ಟಿಗೇ ಹಾರುತ್ತಿದ್ದವು. ಅಲ್ಲಿ ಕೈ ಜಾರಿಸಿಕೊಂಡು ಕೂರೋಕೆ ಸಮಯವಿರಲಿಲ್ಲ. ಕಾರ್ಖಾನೆಯ ಒಳ್ಳೆಯ ತೋಟೆ, ಒಣ ಹವೆ, ಕ್ರಮವಾದ ನಿರ್ವಹಣೆ ಇದ್ದರೆ ಈ ಯಂತ್ರಗಳು ಸಾವಿರಾರು ಈಡುಗಳನ್ನು ತಪ್ಪಿಲ್ಲದೆ ಹಾರಿಸುತ್ತವೆ. ಆದರೂ ಒಂದು ವಿವರ ಗಮನಿಸಿ. ಇಟಲಿಯ ಪೆರಾಜಿ ಕಂಪನಿ 1968ರ ಮೆಕ್ಸಿಕೋ ಒಲಿಂಪಿಕ್ಸ್‌ಗೆಂದು ಮಾಡಿದ ‘ಎಂಎಕ್ಸ್8’ ಕೋವಿಯಲ್ಲಿ ಟ್ರಿಗರ್‌ನ ಇಡೀ ಯಂತ್ರವನ್ನೇ ಕಳಚಿ ಕೈಗೆ ತೆಗೆದುಕೊಳ್ಳಬಹುದು. ಸ್ಪ್ರಿಂಗ್ ಮುರಿದರೆ ಜೊತೆಗಿರುವ ಇನ್ನೊಂದು ಯಂತ್ರ ಸಿಕ್ಕಿಸಿ ಸ್ಪರ್ಧೆ ಮುಂದುವರಿಸಬಹುದು. ಎರಡನೆಯದು ಎಲ್ಲಿಗೂ ಹೋಗಿಲ್ಲ. ಕೋವಿಯಿಂದ ಚೀಲಕ್ಕೆ ಹೋಗಿದೆ, ಅಷ್ಟೇ.

ನಮ್ಮಲ್ಲಿ ಲೈಸೆನ್ಸ್ ಪುಸ್ತಕಗಳಲ್ಲಿ ‘ಡಿಬಿಬಿಎಲ್’ ಅಂತ ಬರೆಯುವ 12 ಬೋರಿನ ಸಾದಾ ಜೋಡಿ ಕೋವಿಗಳಿಗೆ ಸಾಮಾನ್ಯವಾಗಿ ಎರಡೇ ಟ್ರಿಗರ್. ಕೊಡಗಿನಲ್ಲಂತೂ ಇವು ತಲೆಮಾರು ದಾಟುತ್ತವೆ. 1857ರ ದಂಗೆಯ ನಂತರ ಬ್ರಿಟಿಷರು ಜನರ ಆಯುಧಗಳ ಮೇಲೆ ಕಾನೂನು ಬಿಗಿ ಮಾಡಿದಾಗ, 1861ರಲ್ಲಿ ಕೊಡವರಿಗೆ ವಿನಾಯಿತಿ ಕೊಟ್ಟವನು ಕಮಿಷನರ್ ಮಾರ್ಕ್ ಕಬ್ಬನ್. ಹೌದು, ನಾವು ಭಾನುವಾರ ವಾಕಿಂಗ್ ಹೋಗುವ ಕಬ್ಬನ್ ಪಾರ್ಕಿನ ಕಬ್ಬನ್ನೇ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೊಡವ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಇದೆ. ಆ ಎರಡನೇ ಗುಂಡು ಹಾರದಿದ್ದರೆ ಊರಿಗೆ ಹೋಗುವ ಸುದ್ದಿಯೇ ಬೇರೆಯಾಗುತ್ತೆ!

ಕೊನೆಗೆ ಪಂಚಾಯಿತಿ ತೀರ್ಪು ಏನಾಯಿತು? ನಾನು ಇಬ್ಬರಿಗೂ ಹೇಳಿದ್ದು ಇಷ್ಟು. ಯಾವುದು ಹೆಚ್ಚು ನಂಬಿಕಸ್ಥ ಅನ್ನೋದಕ್ಕೆ ಮುಂಚೆ ಯಾವುದಕ್ಕೆ ಬೇಕು ಅಂತ ಕೇಳಬೇಕು. ತೆಂಗಿನಕಾಯಿ ಕಾಯುತ್ತೆ, ಠುಸ್ ಆದರೆ ಇನ್ನೊಂದು ತೋಟೆ ಹಾಕಿಕೊಳ್ಳಬಹುದು. ಆನೆ ಕಾಯಲ್ಲ. ಗೆಳೆಯ ಸ್ಪರ್ಧೆಗೆ ಹೊಸ ಕೋವಿ ತರಲಿ, ಹಳೆಯದು ಅಂಗಡಿಗೆ ಹೋಗುವುದು ಬೇಡ. ಭಾಗ ಕಡಿಮೆ ಇದ್ದಷ್ಟೂ ಒಳ್ಳೆಯದು ಅನ್ನುವ ನನ್ನ ಜಾಣತನವನ್ನೂ ವಾಪಸ್ ತೆಗೆದುಕೊಂಡೆ. ಒಂಟಿ ಟ್ರಿಗರ್‌ನಲ್ಲಿ ಭಾಗಗಳು ಕಡಿಮೆಯಾಗಿಲ್ಲ. ನಮಗೆ ಕಾಣುವ ಭಾಗ ಮಾತ್ರ ಕಡಿಮೆಯಾಗಿದೆ.

ಮುಂದಿನ ಸಲ ಹೋದಾಗ ಅಜ್ಜ ಎರಡು ಸುಟ್ಟ ತೋಟೆಗಳನ್ನು ಕೋವಿಗೆ ಹಾಕಿ, ನಳಿಗೆಯನ್ನು ಖಾಲಿ ಗದ್ದೆಯ ಕಡೆ ತಿರುಗಿಸಿ ನನ್ನ ಕೈಗೆ ಕೊಟ್ಟರು. “ಮುಂದಿನದು ಎಳಿ.” ಕ್ಲಿಕ್. “ಕೈ ಹಿಂದೆ ಜಾರಿಸು. ನೋಡ್ಬೇಡ, ಜಾರಿಸು.” ನಾಲ್ಕಾರು ಸಲ ತಡವರಿಸಿದೆ. ಪ್ರತಿ ಸಲವೂ ಕೋವಿ ಮಡಚಿ ಮತ್ತೆ ಶುರು. ಹತ್ತನೇ ಸಲಕ್ಕೆ ಬೆರಳು ನನ್ನನ್ನು ಕೇಳದೆ ತಾನೇ ಹಿಂದಕ್ಕೆ ಹೋಯಿತು.

“ಈಗ ಸರಿ,” ಅಂದರು ಅಜ್ಜ. ಕೋವಿ ತೆಗೆದುಕೊಂಡು ಒರೆಸಿ ಒಳಗಿಟ್ಟರು.